ಕೊರಳ ಪಟ್ಟಿ, ಸೊಂಟದ ಪಟ್ಟಿ

ನಮ್ಮ ಹಾಸ್ಟೆಲ್ಲಿಗೆ ಸರ್ಕಾರ ಕೊಟ್ಟ ಟೀವಿ ವಾರ್ಡನ್ ಕೋಣೆಯಲ್ಲಿತ್ತು. ಕೋಣೆಗೆ ಒಳಗಿನಿಂದ ಚಿಲಕ, ಕಿಟಕಿಗೆ ಕಬ್ಬಿಣದ ಸರಳು. ನಾವು ಹತ್ತು ಹನ್ನೆರಡು ಹುಡುಗರು ಒಬ್ಬನ ಹೆಗಲ ಮೇಲೊಬ್ಬ ಬಿದ್ದು ಆ ಸರಳುಗಳ ಸಂದಿಯಿಂದ ಅಮೆರಿಕದ ಕುಸ್ತಿ ನೋಡಿದೆವು. 1990ರ ದಶಕ ಮುಗಿಯುತ್ತ ಬಂದಿತ್ತು, ಕೇಬಲ್ಲು ತಾಲ್ಲೂಕು ಊರುಗಳಿಗೆ ಕಾಲಿಟ್ಟಿತ್ತು. ವಾರ್ಡನ್ ಒಳ್ಳೆ ಮನಸ್ಸಿನಲ್ಲಿದ್ದ ದಿನ ಕಿಟಕಿ ತೆರೆದಿರೋದು, ಇಲ್ಲದ ದಿನ ಮುಚ್ಚಿರೋದು. ಮುಚ್ಚಿದ ದಿನ ಬರೀ ಶಬ್ದ ಕೇಳಿಯೇ ಯಾರು ಬಿದ್ದ, ಯಾರು ಎದ್ದ ಅಂತ ಹೇಳಬಲ್ಲವರು ನಮ್ಮಲ್ಲಿದ್ದರು.

ಕಿಸೆಯಲ್ಲಿ ಕುಸ್ತಿ ಕಾರ್ಡುಗಳು. ಒಂದೊಂದು ಕಾರ್ಡಿಗೆ ಒಬ್ಬೊಬ್ಬ ಪೈಲ್ವಾನನ ಫೋಟೋ. ಕೆಳಗೆ ಎತ್ತರ, ತೂಕ, ಎದೆಯ ಅಳತೆ, ರಟ್ಟೆಯ ಅಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ, ರ್‍ಯಾಂಕು. ನಾವೊಂದು ಅಂಕಿ ಕೂಗೋದು, ಎದುರಿನವನದು ಸಣ್ಣದಾದರೆ ಅವನ ಕಾರ್ಡು ನಮ್ಮದು. ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಆ ಹುಳದ ಅನ್ನಕ್ಕೆ ಓಡಿಹೋಗುವ ಅವಸರವೂ ಇರಲಿಲ್ಲ ಎನ್ನಿ. ಆ ಆಟದಿಂದ ಹುಟ್ಟಿದ ಜಗಳ ಒಂದೇ: ಇವರಲ್ಲಿ ಎಲ್ಲರಿಗಿಂತ ದೊಡ್ಡ ಸ್ಟಾರ್ ಯಾರು? ಅಂಡರ್‌ಟೇಕರ್ ಅಂತ ಒಬ್ಬ, ಹಲ್ಕ್ ಹೋಗನ್ ಅಂತ ಇನ್ನೊಬ್ಬ. ಕೇರಿಯ ಹಿರಿಯರನ್ನು ಕೇಳಿದರೆ ದಾರಾಸಿಂಗ್ ಬಿಟ್ಟು ಬೇರೆ ಹೆಸರು ಅವರ ಬಾಯಿಗೆ ಬಾರದು. ಆ ಕಿಟಕಿಯ ಹುಡುಗರು ಈಗ ಹಳ್ಳಿ ಮೇಷ್ಟ್ರುಗಳಾಗಿದ್ದೇವೆ, ಒಬ್ಬ ಬಸ್ ಕಂಡಕ್ಟರ್, ಒಬ್ಬ ಸಂಘಟನೆ ಅಂತ ಊರೂರು ತಿರುಗುವವನು. ವರ್ಷಕ್ಕೊಮ್ಮೆ ಏಪ್ರಿಲ್ 14ರ ಸಭೆ ಮುಗಿಸಿ ಟೀ ಅಂಗಡಿಯಲ್ಲಿ ಕೂತರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತೆ.

ಈಚೆಗೆ ನಮ್ಮಲ್ಲಿ ಹೆಚ್ಚಿನವರು ಒಂದು ಹೆಸರಿಗೆ ಬಂದು ನಿಂತಿದ್ದೇವೆ. ಅವನ ಕಾರ್ಡು ನಮ್ಮ ಯಾರ ಕೈಗೂ ಬಂದದ್ದಿಲ್ಲ. ನಾವು ಕಿಟಕಿಗೆ ಜೋತುಬೀಳುವ ಹೊತ್ತಿಗೆ ಅವನ ಕಾಲ ಮುಗಿದಿತ್ತು. ಹುಟ್ಟಿದ ಹೆಸರು ಸಿಲ್ವೆಸ್ಟರ್ ರಿಟರ್. ಕಣದಲ್ಲಿ ಅವನಿಗಿಟ್ಟ ಹೆಸರು ಜಂಕ್‌ಯಾರ್ಡ್ ಡಾಗ್. ಗುಜರಿ ಅಂಗಳ ಕಾಯುವ ನಾಯಿ.

ಅವನ ವಿಚಾರಕ್ಕೆ ಹೋಗುವ ಮೊದಲು ಒಂದು ಮಾತು ಮುಗಿಸಿಬಿಡಬೇಕು. ವಾರ್ಡನ್ ನಮ್ಮನ್ನು ಆಡಿಕೊಳ್ಳುತ್ತಿದ್ದರು: "ಲೋ, ಅದು ಸುಳ್ಳು ಕುಸ್ತಿ ಕಣ್ರೋ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿರ್ತಾರೆ." ಆಗ ನಮಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಇಲ್ಲ. ಹೌದು ಸ್ವಾಮಿ, ಬರೆದಿರುತ್ತಾರೆ. ಹಾಗೆ ಬರೆಯುವವನನ್ನು ಅಲ್ಲಿ ಬುಕರ್ ಅನ್ನುತ್ತಾರೆ. ದುಡ್ಡು ಹಾಕಿ ದುಡ್ಡು ಬಾಚುವ ಧಣಿ ಪ್ರೊಮೋಟರ್. ಒಳ್ಳೆಯವನ ಪಾತ್ರಕ್ಕೆ ಬೇಬಿಫೇಸ್, ಕೆಟ್ಟವನದಕ್ಕೆ ಹೀಲ್. ಈ ಗುಟ್ಟನ್ನು ಹೊರಗೆ ಬಿಡದೆ ಕಾಯುವ ಕಟ್ಟುಪಾಡಿಗೆ ಕೇಫೇಬ್ ಎಂದು ಹೆಸರು. ಬಯಲಾಟದಲ್ಲಿ ಕೀಚಕ ಸತ್ತೇ ಸಾಯುತ್ತಾನೆಂದು ಗೊತ್ತಿದ್ದೂ ನಮ್ಮ ಅವ್ವಂದಿರು ಬೆಳ್ಳಿ ಮೂಡುವ ತನಕ ಕೂತಿರುತ್ತಾರಲ್ಲ, ಅವರನ್ನು ಯಾರೂ ದಡ್ಡರು ಅನ್ನುವುದಿಲ್ಲ. ಇನ್ನು ಬೀಳುವುದಂತೂ ಸುಳ್ಳಲ್ಲ. ಹಲಗೆಯ ಮೇಲೊಂದು ತೆಳ್ಳನೆ ಮೆತ್ತೆ, ಅದರ ಮೇಲೆ ಕ್ಯಾನ್ವಾಸು. ರಾತ್ರಿಗೊಂದು ಊರಿನಂತೆ ವರ್ಷವಿಡೀ ಅದರ ಮೇಲೆ ಬೆನ್ನು ಬಡಿದರೆ ನಲವತ್ತಕ್ಕೇ ಬೆನ್ನು, ಮಂಡಿ ಕೈಬಿಡುತ್ತವೆ.

ಗೆಲುವು ಮೊದಲೇ ಬರೆದಿದ್ದ ಮೇಲೆ ಗೆದ್ದವನೇ ಸ್ಟಾರ್ ಅನ್ನೋ ಲೆಕ್ಕ ನಿಲ್ಲೋದಿಲ್ಲ. ಸೊಂಟಕ್ಕೆ ಕಟ್ಟುವ ಚಿನ್ನದ ಬಣ್ಣದ ಪಟ್ಟಿ ಧಣಿ ಕೊಟ್ಟದ್ದು. ಬೇಡವಾದ ದಿನ ಅವನೇ ಬಿಚ್ಚಿಸಿಕೊಳ್ಳುತ್ತಾನೆ. ಕಾರ್ಡಿನ ಅಂಕಿಗಳೂ ಅವನದೇ ಆಫೀಸಿನಿಂದ ಬಂದವು, ಎತ್ತರಕ್ಕೆ ಎರಡು ಮೂರು ಅಂಗುಲ ಸೇರಿಸಿ ಬರೆಯುವುದು ಆ ಧಂದೆಯ ಹಳೇ ಚಾಳಿ. ಧಣಿ ಬರೆಯಲಾಗದ್ದು ಒಂದೇ. ದಿನಗೂಲಿಯ ದುಡ್ಡು ಕೊಟ್ಟು ಟಿಕೇಟು ಕೊಂಡವನು ಒಳಗೆ ಕೂತು ಯಾರಿಗಾಗಿ ಎದ್ದು ನಿಲ್ಲುತ್ತಾನೆ, ಯಾರು ಬಿದ್ದರೆ ಅವನ ಹೊಟ್ಟೆ ಹಿಂಡುತ್ತೆ ಅನ್ನೋದು. ಅದನ್ನು ಬರೆಯಲು ಹೋಗಿ ಕೈ ಸುಟ್ಟುಕೊಂಡ ಪ್ರೊಮೋಟರುಗಳಿಗೆ ಲೆಕ್ಕವಿಲ್ಲ.

ಈಗ ನಮ್ಮ ಕೇರಿಯ ಮಾತು. ಇದನ್ನು ಹೇಳದೆ ಆ ಕಪ್ಪು ಮನುಷ್ಯ ನಮಗೇಕೆ ಹತ್ತಿರದವನಾದ ಅಂತ ತಿಳಿಯೋದಿಲ್ಲ.

ನಮ್ಮ ಕೇರಿಯಲ್ಲೊಬ್ಬ ಅಣ್ಣ ಇದ್ದಾರೆ. ಅರವತ್ತು ದಾಟಿದೆ. ಪ್ರಾಯದಲ್ಲಿ ಅವರು ಗುಂಡುಕಲ್ಲನ್ನು ಮಂಡಿಗೆ, ಮಂಡಿಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದಕ್ಕೆ ಬಿಡುತ್ತಿದ್ದರು. ನಮ್ಮಪ್ಪಂದಿರು ಕಣ್ಣಾರೆ ನೋಡಿದ್ದು. ಊರ ಜಾತ್ರೆಯ ಮೂರನೇ ದಿನ ಕುಸ್ತಿ. ಅಖಾಡಕ್ಕೆ ಕೆಮ್ಮಣ್ಣು ಹೊತ್ತು ಹಾಕಿದವರು ನಮ್ಮವರು, ತಮಟೆ ಬಡಿದವರು ನಮ್ಮವರು. ಅಣ್ಣ ಒಂದು ವರ್ಷ ಲಂಗೋಟಿ ಕಟ್ಟಿ ಬಂದು ನಿಂತರು. ಯಾರೂ ಬೈಯಲಿಲ್ಲ, ಕೈ ಮಾಡಲಿಲ್ಲ. ಜೋಡಿ ಕಟ್ಟುವ ಹಿರೀಕ ಇವರ ಮುಖ ಕೂಡ ನೋಡದೆ "ನಿಂಗೆ ಜೋಡಿ ಇಲ್ಲ ಕಣಪ್ಪ" ಅಂದ. ಮಾರನೇ ವರ್ಷವೂ ಜೋಡಿ ಇಲ್ಲ. ಮೂರನೇ ವರ್ಷ ಅಣ್ಣ ಹೋಗಲಿಲ್ಲ. ಓಟದ ಪಂದ್ಯವಾಗಿದ್ದರೆ ಪಕ್ಕದ ಗೆರೆಯಲ್ಲಿ ಓಡಿಬಿಡಬಹುದಿತ್ತೇನೋ. ಕುಸ್ತಿಯಲ್ಲಿ ಮೈಗೆ ಮೈ ಹತ್ತಬೇಕು. ಇವನ ಬೆವರು ಅವನ ಕಣ್ಣಿಗಿಳಿಯಬೇಕು, ಕೊನೆಗೆ ಒಬ್ಬನ ಎದೆಯ ಮೇಲೆ ಇನ್ನೊಬ್ಬ ಕೂರಬೇಕು. ಮುಟ್ಟದೆ ಆಡುವ ಕುಸ್ತಿಯನ್ನು ಈ ದೇಶದ ಯಾವ ಶಾಸ್ತ್ರಿಯೂ ಇನ್ನೂ ಕಂಡುಹಿಡಿದಿಲ್ಲ.

ಅಮೆರಿಕದ ದಕ್ಷಿಣದವರು ಇದನ್ನೇ ಕಾನೂನಾಗಿ ಬರೆದಿಟ್ಟರು. 1956ರಲ್ಲಿ ಲೂಯಿಸಿಯಾನಾ ರಾಜ್ಯ ಒಂದು ಕಾಯಿದೆ ಮಾಡಿತು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಆಟವಾಡಕೂಡದು, ಒಟ್ಟಿಗೆ ಕುಣಿಯಕೂಡದು, ನೋಡಲು ಬಂದರೆ ಕೂರುವ ಜಾಗವೂ ಬೇರೆ ಬೇರೆ ಇರಬೇಕು. ಜೋಸೆಫ್ ಡಾರ್ಸಿ ಎಂಬ ಕಪ್ಪು ಬಾಕ್ಸರ್ ಕೋರ್ಟಿಗೆ ಹೋದ. ಅವನದೂ ಜೋಡಿ ಕೇಳುವ ದಾವೆಯೇ. ಆ ಕಾಯಿದೆ ಸಂವಿಧಾನಕ್ಕೆ ವಿರುದ್ಧ ಎಂದ ಕೆಳಗಿನ ಕೋರ್ಟಿನ ತೀರ್ಪನ್ನು 1959ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಸುಮಾರು ಅದೇ ಹೊತ್ತಿಗೆ ಟೆನೆಸಿಯ ಮೆಂಫಿಸಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಎಲಿಸ್ ಆಡಿಟೋರಿಯಮ್ಮಿನಲ್ಲಿ ಕುಸ್ತಿ. ಕಪ್ಪು ಜನಕ್ಕೆ ಮೇಲಿನ ಅಟ್ಟಣಿಗೆ ಮಾತ್ರ. ಅಲ್ಲಿ ಜಾಗ ತುಂಬಿದರೆ ಕೆಳಗೆ ಕುರ್ಚಿ ಖಾಲಿ ಇದ್ದರೂ ಬಾಗಿಲಲ್ಲೇ ವಾಪಸ್ಸು. ಸ್ಪುಟ್ನಿಕ್ ಮನ್ರೋ ಅಂತ ಒಬ್ಬ ಬಿಳಿಯ, ಕೂದಲಲ್ಲೊಂದು ಬಿಳೀ ಪಟ್ಟೆಯವನು, ಕೆಟ್ಟವನ ಪಾತ್ರದವನು, ಕಪ್ಪು ಜನರ ಬೀಲ್ ಬೀದಿಗೆ ಹೋಗಿ ಅವರ ಜೊತೆ ಕೂತು ಕುಡಿದ. ಅದಕ್ಕೇ ಪೊಲೀಸರು ಹಿಡಿದರು. ಅವನನ್ನು ನೋಡಲು ಕಪ್ಪು ಜನ ನುಗ್ಗಿ ಬಂದರು. ಅವರನ್ನು ಕೆಳಗೆ ಕೂರಿಸದಿದ್ದರೆ ನಾನು ಆಡೋದಿಲ್ಲ ಅಂತ ಅವನು ಹಟ ಹಿಡಿದ. ಪ್ರೊಮೋಟರಿಗೆ ಟಿಕೇಟಿನ ದುಡ್ಡು ಬೇಕಿತ್ತು, ಕೂರಿಸಿದ. ಬಿಳಿಯರಿಗೆ ಅವನು ಖಳನಾಯಕ, ಅಟ್ಟಣಿಗೆಯಿಂದ ಇಳಿದು ಬಂದವರಿಗೆ ನಾಯಕ. ಒಂದೇ ಮನುಷ್ಯ, ಒಂದೇ ರಾತ್ರಿ. ಇವನೂ ಸ್ಟಾರೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅವನು ಬಿಳಿಯ. ಅವನಿಗೆ ಜೋಡಿಯ ಕೊರತೆ ಎಂದೂ ಆಗಿದ್ದಿಲ್ಲ.

ಸಿಲ್ವೆಸ್ಟರ್ ರಿಟರ್ ಹುಟ್ಟಿದ್ದು 1952ರಲ್ಲಿ, ನಾರ್ತ್ ಕೆರೊಲಿನಾದ ವೇಡ್ಸ್‌ಬರೊ ಎಂಬಲ್ಲಿ. ಕಪ್ಪು ಮಕ್ಕಳಿಗೆಂದೇ ಕಟ್ಟಿದ್ದ ಫಯೆಟ್‌ವಿಲ್ ಕಾಲೇಜಿನಲ್ಲಿ ಓದುತ್ತ ಅಮೆರಿಕದ ಫುಟ್‌ಬಾಲ್ ಆಡಿದ. ಕುಸ್ತಿಗೆ ಬಂದು ಕೆನಡಾದ ಕ್ಯಾಲ್ಗರಿ ಸುತ್ತಿ ಕೊನೆಗೆ ಬಿಲ್ ವಾಟ್ಸ್ ಎಂಬ ಧಣಿಯ ಕೈಗೆ ಸಿಕ್ಕ. ಈ ವಾಟ್ಸ್ ಸ್ವತಃ ಹಳೇ ಕುಸ್ತಿಯವನು. ಲೂಯಿಸಿಯಾನಾ, ಮಿಸಿಸಿಪ್ಪಿ, ಓಕ್ಲಹೋಮ ಕಡೆ ಮಿಡ್-ಸೌತ್ ಎಂಬ ಕಂಪೆನಿ ನಡೆಸುತ್ತಿದ್ದ. ಆಗಿನ ಜನಪ್ರಿಯ ಹಾಡೊಂದರಲ್ಲಿ ಬರುವ ಗುಜರಿ ನಾಯಿಯ ಹೆಸರನ್ನು ರಿಟರ್‌ಗೆ ಅಂಟಿಸಿದ. ಕೊರಳಿಗೆ ನಾಯಿಯ ಪಟ್ಟಿ ಹಾಕಿ ಉದ್ದನೆ ಕಬ್ಬಿಣದ ಸರಪಳಿ ಕಟ್ಟಿದ. ಮೊದಮೊದಲು ಹರಕು ಮುರುಕು ಸಾಮಾನು ತುಂಬಿದ ತಳ್ಳುಗಾಡಿಯೊಂದನ್ನೂ ಅವನ ಕೈಗೆ ಕೊಟ್ಟು ಕಣಕ್ಕೆ ಕಳಿಸುತ್ತಿದ್ದ.

ಇಲ್ಲಿ ನಾವು ಪ್ರತಿ ವರ್ಷ ತಡೆದು ನಿಲ್ಲುತ್ತೇವೆ. ಗುಲಾಮರ ಮೊಮ್ಮಕ್ಕಳ ಊರಿನಲ್ಲಿ, ಕಪ್ಪು ಮನುಷ್ಯನ ಕೊರಳಿಗೆ ಸರಪಳಿ. ಹಾಕಿದವನು ಬಿಳಿಯ. ಇಟ್ಟ ಹೆಸರು ನಾಯಿ. ನಮಗೆ ಇದು ಹೊಸದಲ್ಲ. ನಮ್ಮ ಅಜ್ಜಂದಿರ ಹೆಸರು ತಿಪ್ಪ, ಕರಿಯ, ಕುಂಟ ಅಂತ ಶಾಲೆಯ ದಾಖಲೆಯಲ್ಲಿವೆ. ಸ್ವಲ್ಪ ಗೌರವದ ಹೆಸರು ಇಟ್ಟುಕೊಂಡರೂ ಗೌಡರ ಬಾಯಲ್ಲಿ ಅದು ಅರ್ಧವಾಗಿಯೇ ಹೊರಡೋದು. ನಮ್ಮ ಕಂಡಕ್ಟರ್ ಗೆಳೆಯ ಈ ರಿಟರ್‌ನನ್ನು ಇಂದಿಗೂ ಒಪ್ಪಿಲ್ಲ. "ಸರಪಳಿ ಹಾಕ್ಕೊಂಡು ಕುಣಿದೋನು ನಂಗೆ ಹೀರೋ ಅಲ್ಲ" ಅನ್ನುತ್ತಾನೆ. ಅವನ ಮಾತು ತಳ್ಳಿಹಾಕುವಂಥದಲ್ಲ. ಆದರೆ ಆ ಸರಪಳಿಯ ಇನ್ನೊಂದು ತುದಿಯನ್ನು ರಿಟರ್ ಯಾರ ಕೈಗೂ ಕೊಡಲಿಲ್ಲ. ಅದನ್ನು ಬಿಚ್ಚಿ ಮುಷ್ಟಿಗೆ ಸುತ್ತಿಕೊಂಡು ಎದುರಿನವನ ಮೇಲೆ ಬೀಸಿದ. ತಳ್ಳುಗಾಡಿ ಬೇಗ ಮೂಲೆ ಸೇರಿತು, ಸರಪಳಿ ಉಳಿಯಿತು.

ಪಟ್ಟುಗಳ ಲೆಕ್ಕದಲ್ಲಿ ಅವನು ಸಾಧಾರಣ ಕುಸ್ತಿಯವನು. ಇದನ್ನು ಅವನ ಕಟ್ಟಾ ಅಭಿಮಾನಿಗಳೂ ಒಪ್ಪುತ್ತಾರೆ. ಅರ್ಧ ಗಂಟೆ ಆಡಿಸಿದರೆ ಏದುಸಿರು. ಅದಕ್ಕೇ ವಾಟ್ಸ್ ಅವನ ಕುಸ್ತಿಗಳನ್ನು ಚಿಕ್ಕದಾಗಿ ಮುಗಿಸುತ್ತಿದ್ದ. ನಾಲ್ಕು ಕಾಲಲ್ಲಿ ನಡೆದು ಬಂದು ತಲೆಯಿಂದ ಗುದ್ದುವುದು, ಆಮೇಲೆ ಎದುರಿನವನನ್ನು ಎತ್ತಿ ದೊಪ್ಪನೆ ಕೆಡವುವುದು. ಕೆಡವುವ ಆ ಪಟ್ಟಿಗೆ ಥಂಪ್ ಅಂತ ಹೆಸರು. ಅಷ್ಟೇ ಬಂಡವಾಳ. ಹಾಗಾದರೆ ಜನ ಏನು ಕಂಡರು? ಅವನು ಕ್ವೀನ್ ತಂಡದ ಹಾಡಿಗೆ ಹೆಜ್ಜೆ ಹಾಕುತ್ತ ಬರುವಾಗ ಜನರ ಮಧ್ಯದಿಂದ ಬರುತ್ತಿದ್ದ. ಮಾತಾಡಿದರೆ ಬೀದಿಯ ಮೂಲೆಯಲ್ಲಿ ನಿಂತವನ ಹಾಗೆ ಮಾತಾಡುತ್ತಿದ್ದ. ಬಿದ್ದರೆ ಅವನಿಗೆ ನಿಜಕ್ಕೂ ನೋವಾಯಿತು ಅಂತ ಕಡೆಯ ಸಾಲಿನವನಿಗೂ ಅನ್ನಿಸುತ್ತಿತ್ತು. ಹೊಡೆತ ತಿಂದು ಆ ನೋವನ್ನು ನೋಡುವವನ ಮೈಗೆ ದಾಟಿಸುವ ವಿದ್ಯೆಗೆ ಆ ಧಂದೆಯಲ್ಲಿ ಸೆಲ್ಲಿಂಗ್ ಎನ್ನುತ್ತಾರೆ. ಮಾರುವುದು ಅಂತ ಅರ್ಥ. ಹೊಡೆಯುವುದಕ್ಕಿಂತ ಅದು ಕಷ್ಟ. ಕುಸ್ತಿಯ ಪಟ್ಟನ್ನು ಯಾರಿಗಾದರೂ ಕಲಿಸಬಹುದು, ಇದು ಎಲ್ಲರಿಗೂ ಒಲಿಯದು.

ನ್ಯೂ ಆರ್ಲಿಯನ್ಸಿನಲ್ಲಿ ಅವನು ಆಡುತ್ತಿದ್ದ ಮುನಿಸಿಪಲ್ ಆಡಿಟೋರಿಯಂ ಇರುವ ಜಾಗ ಗಮನಿಸಬೇಕು. ಅದಕ್ಕೆ ತಾಗಿದ ಬಯಲಿನ ಹೆಸರು ಕಾಂಗೋ ಸ್ಕ್ವೇರ್. ಗುಲಾಮರಿದ್ದ ಕಾಲದಲ್ಲಿ ವಾರಕ್ಕೊಂದು ದಿನ, ಭಾನುವಾರ, ಆಫ್ರಿಕಾದ ಜನ ಸೇರಿ ಚರ್ಮವಾದ್ಯ ಬಡಿದು ಹಾಡಿ ಕುಣಿದು ತಮ್ಮದೇ ಸಂತೆ ನಡೆಸಿದ ನೆಲ ಅದು. ಆ ನೆಲದ ಪಕ್ಕದಲ್ಲಿ ಅವರ ವಂಶದವರು ಟಿಕೇಟು ಕೊಂಡು ಒಬ್ಬ ಕಪ್ಪು ಮನುಷ್ಯ ಬಿಳಿಯರನ್ನು ಎತ್ತಿ ಕೆಡವುವುದನ್ನು ನೋಡಿದರು. ಹೊರಗೆ ಬಿಳಿಯನ ಮೇಲೆ ಕೈಯೆತ್ತಿದರೆ ಏನಾಗುತ್ತಿತ್ತು ಅನ್ನೋದು ಅಲ್ಲಿ ಕೂತಿದ್ದ ಮುದುಕರಿಗೆಲ್ಲ ಗೊತ್ತಿತ್ತು. ಮುದುಕರಿಗೆ ಮಾತ್ರವಲ್ಲ.

1980ರಲ್ಲಿ ಫ್ಯಾಬುಲಸ್ ಫ್ರೀಬರ್ಡ್ಸ್ ಎಂಬ ಮೂವರು ಬಿಳಿಯರ ತಂಡ ಅವನಿಗೆ ಎದುರಾಯಿತು. ಮೈಕೆಲ್ ಹೇಯ್ಸ್, ಟೆರಿ ಗಾರ್ಡಿ, ಬಡ್ಡಿ ರಾಬರ್ಟ್ಸ್. ಹೇಯ್ಸ್ ಉದ್ದ ಕೂದಲಿನ ಚೆಲುವ, ಬಾಯಿಬಡುಕ. ಕತೆ ಹೀಗೆ ಕಟ್ಟಿದರು: ಕೂದಲು ಉದುರಿಸುವ ಮುಲಾಮು ರಿಟರ್‌ನ ಕಣ್ಣಿಗೆ ಬಿದ್ದು ಅವನು ಕುರುಡನಾದ. ಅದೇ ಹೊತ್ತಿಗೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಮಗು ಹುಟ್ಟಿದ್ದು ನಿಜ, ಕುರುಡು ಕತೆ. ಹುಟ್ಟಿದ ಮಗಳ ಮುಖ ನೋಡಲಾಗದ ತಂದೆ ಅಂತ ವಾಟ್ಸ್ ಟೀವಿಯಲ್ಲಿ ತೋರಿಸಿದ. ಗುಟ್ಟು ಕಾಯಬೇಕಲ್ಲ, ಕಣ್ಣು ಚೆನ್ನಾಗಿದ್ದ ಮನುಷ್ಯ ಹೊರಗೆ ಓಡಾಡುವ ಹಾಗಿಲ್ಲ, ಮನೆಯೊಳಗೇ ಅಡಗಿ ಕೂತ. ಹೊರಗೆ ಜನ ಅತ್ತರು. ಕುಸ್ತಿ ನೋಡಲು ಬಂದಿದ್ದ ಒಬ್ಬಾತ ಕುರುಡನಾದ ರಿಟರ್‌ನನ್ನು ಉಳಿಸಲು ಪಿಸ್ತೂಲು ಹಿಡಿದು ಫ್ರೀಬರ್ಡ್ಸ್ ಮೇಲೆ ಹೋದನೆಂದು ಆ ಕುಸ್ತಿಯವರು ಹೇಳಿಕೊಂಡು ಬಂದಿದ್ದಾರೆ. ಹೇಳುವವರು ಕತೆ ಕಟ್ಟುವುದನ್ನೇ ಕಸುಬು ಮಾಡಿಕೊಂಡವರು, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಹೇಯ್ಸ್ ಮಾತ್ರ ಆ ದಿನಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕಣದಿಂದ ಹೊರಗೆ ಹೋಗಬೇಕಾಗಿತ್ತು.

ಆ ಆಗಸ್ಟಿನಲ್ಲಿ ಸೂಪರ್‌ಡೋಮ್ ಎಂಬ ಮಹಾ ಕ್ರೀಡಾಂಗಣದಲ್ಲಿ ಕೊನೆಯ ಕುಸ್ತಿ ಇಟ್ಟರು. ಸುತ್ತ ಉಕ್ಕಿನ ಪಂಜರ. ಹೇಯ್ಸ್ ಓಡಿಹೋಗುವ ಹಾಗಿಲ್ಲ ಎಂದು ಇಬ್ಬರ ಕೊರಳಿಗೂ ನಾಯಿಪಟ್ಟಿ, ನಡುವೆ ಒಂದೇ ಸರಪಳಿ. 25 ಸಾವಿರ ದಾಟಿದ ಜನ. ಕಪ್ಪು ಮೈ ಬಿಳೀ ಮೈ ಆಟದಲ್ಲಿ ತಾಗಕೂಡದು ಎಂದು ಅದೇ ರಾಜ್ಯ ಕಾಯಿದೆ ಬರೆದು 24 ವರ್ಷ ಆಗಿತ್ತು. ಅಲ್ಲಿ ಕೂತಿದ್ದ ಮೂವತ್ತು ವರ್ಷದ ಯಾರಿಗೇ ಆಗಲಿ ಆ ಕಾಯಿದೆಯ ಕಾಲದ ನೆನಪಿರಲೇಬೇಕು. ಈಗ ಕಣದ ನಡುವೆ ಬಿಳಿಯನ ಕೊರಳಲ್ಲೂ ಪಟ್ಟಿ. ಅವನು ಎಷ್ಟು ದೂರ ಹೋಗಬೇಕೆನ್ನುವುದು ಕಪ್ಪು ಮನುಷ್ಯನ ಕೈಯಲ್ಲಿ. ಗೆಲುವನ್ನು ವಾಟ್ಸ್ ಬರೆದಿದ್ದ, ನಿಜ. ಆದರೆ ಆ 25 ಸಾವಿರ ಜನ ಎಲ್ಲೂ ತೀರಿಸಿಕೊಳ್ಳಲಾಗದ ತಮ್ಮ ಮನೆಯ ಲೆಕ್ಕಗಳನ್ನು, ಬಸ್ಸಿನ ಹಿಂದಿನ ಸೀಟು, ನಲ್ಲಿಯ ನೀರು, ಅಟ್ಟಣಿಗೆ, ಎಲ್ಲವನ್ನೂ ತಂದು ಆ ಒಬ್ಬನ ಮುಷ್ಟಿಗೆ ಕಟ್ಟಿದ್ದನ್ನು ವಾಟ್ಸ್ ಬರೆದಿರಲಿಲ್ಲ. ಅವನ ಹತ್ತಿರ ಅಂಥ ಪೆನ್ನು ಇರಲಿಲ್ಲ. ನಾವು ಸ್ಟಾರ್ ಅನ್ನೋದು ಹಾಗೆ ಲೆಕ್ಕ ಹೊತ್ತವನನ್ನ.

ವಾಟ್ಸ್‌ನನ್ನು ಉದಾರಿ ಅಂತ ಹೊಗಳುವವರಿದ್ದಾರೆ. ಅವನಿಗೆ ಸುತ್ತಲಿನ ಕಪ್ಪು ಜನಸಂಖ್ಯೆ ಕಂಡಿತ್ತು, ಟಿಕೇಟು ಕಂಡಿತ್ತು. ಇದೇ ವಾಟ್ಸ್ ಮುಂದೆ 1992ರಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ದೊಡ್ಡ ಕಂಪೆನಿಯ ಯಜಮಾನಿಕೆ ಮಾಡುವಾಗ ರಾನ್ ಸಿಮನ್ಸ್ ಎಂಬ ಕಪ್ಪು ಕುಸ್ತಿಯವನಿಗೆ ಅಲ್ಲಿಯ ವಿಶ್ವಪಟ್ಟ ಕಟ್ಟಿಸಿದ. ಇದೇ ವಾಟ್ಸ್, ಅಂಗಡಿಯ ಒಡೆಯನಿಗೆ ತನಗೆ ಬೇಡದ ಜನರನ್ನು ಬಾಗಿಲಾಚೆ ನಿಲ್ಲಿಸುವ ಹಕ್ಕಿರಬೇಕು ಎಂಬ ಅರ್ಥದ ಮಾತನ್ನು ಒಂದು ಸಂದರ್ಶನದಲ್ಲಿ ಆಡಿದ್ದ. ಅದು ಗದ್ದಲವಾಗಿ 1993ರಲ್ಲಿ ಆ ಕುರ್ಚಿ ಬಿಟ್ಟ. ಎರಡೂ ಒಂದೇ ಮನುಷ್ಯನ ಕೆಲಸ. ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚುನಾವಣೆ ಬಂದಾಗ ಕೇರಿಗೆ ಬಂದು ನಮ್ಮನೆ ಚಾಪೆ ಮೇಲೆ ಕೂತು ನೀರು ಕುಡಿದು ಹೋಗುವವರನ್ನು ನೋಡಿದ್ದೇವೆ.

1984ರಲ್ಲಿ ರಿಟರ್ ಹೇಳದೆ ಕೇಳದೆ ವಾಟ್ಸ್‌ನನ್ನು ಬಿಟ್ಟು ನ್ಯೂಯಾರ್ಕಿನ ಡಬ್ಲ್ಯುಡಬ್ಲ್ಯುಎಫ್ ಎಂಬ ಮಹಾ ಕಂಪೆನಿಗೆ, ಮ್ಯಾಕ್‌ಮಹೊನ್‌ನ ಮನೆಗೆ, ಹೊರಟುಹೋದ. ವಾಟ್ಸ್‌ಗೆ ಸಿಟ್ಟು ಬಂತು. ಇನ್ನೊಬ್ಬ ಕಪ್ಪು ಕುಸ್ತಿಯವನನ್ನು ತಂದು ನಿಲ್ಲಿಸಿದರಾಯಿತು ಅಂದುಕೊಂಡ. ಒಬ್ಬರಾದ ಮೇಲೊಬ್ಬರನ್ನು ತಂದ. ಅವರಲ್ಲಿ ಪಟ್ಟುಗಳಲ್ಲಿ ರಿಟರ್‌ಗಿಂತ ಮೇಲಾದವರಿದ್ದರು. ಜನ ಚಪ್ಪಾಳೆ ಹೊಡೆದರು, ಮನೆಗೆ ಹೋದರು. ಕಪ್ಪು ಬಣ್ಣದವನನ್ನು ತೋರಿಸಿದರೆ ಕಪ್ಪು ಜನ ಬಂದುಬಿಡುತ್ತಾರೆ ಅಂತ ತಿಳಿದವನಿಗೆ ಜನ ಕೊಟ್ಟ ಉತ್ತರ ಅದು. ಮೀಸಲು ಕ್ಷೇತ್ರಕ್ಕೆ ಯಾರನ್ನಾದರೂ ನಿಲ್ಲಿಸುವ ಪಕ್ಷಗಳ ನೆನಪಾಗುತ್ತೆ, ಇರಲಿ. ಎಣ್ಣೆಯ ಬೆಲೆ ಬಿದ್ದು ಆ ಸೀಮೆಯ ಕೂಲಿಯವರ ಕೈಯಲ್ಲಿ ಕಾಸಿಲ್ಲದಾಯಿತು, ಅದೂ ಒಂದು ಕಾರಣ. 1987ರಲ್ಲಿ ವಾಟ್ಸ್ ಕಂಪೆನಿ ಮಾರಿದ.

ದೊಡ್ಡ ಕಂಪೆನಿಯಲ್ಲಿ ರಿಟರ್‌ಗೆ ದುಡ್ಡು ಬಂತು, ಹೆಸರು ದೇಶ ತುಂಬಿತು. ಮಕ್ಕಳ ಕಾರ್ಟೂನಿನಲ್ಲಿ ಅವನ ಬೊಂಬೆ ಕುಣಿಯಿತು. ಕುಸ್ತಿ ಗೆದ್ದ ಮೇಲೆ ಕಣಕ್ಕೆ ಮಕ್ಕಳನ್ನು ಕರೆದು ಜೊತೆಗೆ ಕುಣಿಯುತ್ತಿದ್ದ. ಆದರೆ ಅಲ್ಲಿ ಮೊದಲ ಕುರ್ಚಿ ಹಲ್ಕ್ ಹೋಗನ್‌ನದು. ರಿಟರ್ ನಗಿಸುವವನು, ನಡುವಿನ ಸಾಲಿನವನು. ಆ ಕಂಪೆನಿಯ ದೊಡ್ಡ ಪಟ್ಟಿ ಅವನ ಸೊಂಟಕ್ಕೆ ಎಂದೂ ಬರಲಿಲ್ಲ. ಅದೇ ಮೈ, ಅದೇ ಸರಪಳಿ. ಕಾಂಗೋ ಸ್ಕ್ವೇರಿನ ಜನ ಮಾತ್ರ ಜೊತೆಗಿರಲಿಲ್ಲ. ಕೊಕೇನಿನ ಚಟ ಹತ್ತಿತ್ತು. ಮೈ ಊದಿತು, ಉಸಿರು ಇನ್ನೂ ಕಡಿಮೆಯಾಯಿತು. ಇದನ್ನು ಮುಚ್ಚಿಟ್ಟು ಅವನನ್ನು ದೇವರು ಮಾಡುವ ಅಗತ್ಯ ನಮಗಿಲ್ಲ.

ಹೋಗನ್ ಹೆಸರು ಬಂತಲ್ಲ, ಒಂದು ಮಾತು. ನಮ್ಮ ಕಾರ್ಡುಗಳಲ್ಲಿ ಅವನು ಸಿಕ್ಕರೆ ಹಬ್ಬ. ಟಿಕೇಟಿನ ಲೆಕ್ಕ ಹಿಡಿದರೆ ಅವನಷ್ಟು ದೊಡ್ಡವನು ಆ ಕಾಲಕ್ಕೆ ಇನ್ನೊಬ್ಬನಿಲ್ಲ, ಒಪ್ಪಿದೆವು. 1986ರಲ್ಲಿ ಜೆಸ್ಸಿ ವೆಂಚುರಾ ಎಂಬ ಕುಸ್ತಿಯವನು ಎಲ್ಲರೂ ಸೇರಿ ಯೂನಿಯನ್ ಕಟ್ಟೋಣ ಅಂದ. ಆ ಕುಸ್ತಿಯವರು ಕಂಪೆನಿಯ ನೌಕರರಲ್ಲ, ಕಾಗದದ ಮೇಲೆ ಗುತ್ತಿಗೆದಾರರು. ಕಾಲು ಮುರಿದರೆ ಅವರ ಕಾಲು, ಅವರ ಖರ್ಚು. ಇವತ್ತಿಗೂ ಹಾಗೇ. ಆ ಮಾತನ್ನು ಧಣಿಯ ಕಿವಿಗೆ ಹಾಕಿದವನು ಹೋಗನ್ ಅಂತ ಮುಂದೆ ಕೋರ್ಟಿನಲ್ಲಿ ವೆಂಚುರಾ ಹೂಡಿದ ಬೇರೊಂದು ದಾವೆಯಲ್ಲಿ ಧಣಿಯ ಹೇಳಿಕೆಯಿಂದಲೇ ಹೊರಬಿತ್ತು. 2015ರಲ್ಲಿ ಕಪ್ಪು ಜನರ ಬಗ್ಗೆ ಅವನು ಆಡಿದ ಹೊಲಸು ಮಾತಿನ ಟೇಪೂ ಹೊರಬಿತ್ತು. 2025ರಲ್ಲಿ ಅವನು ತೀರಿಕೊಂಡ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅಂತಾರೆ, ಆಡಿಲ್ಲ. ನಡೆದದ್ದು ಹೇಳಿದೆವು. ನಮ್ಮ ಸಂಘಟನೆಯ ಗೆಳೆಯ ಯೂನಿಯನ್ ಕತೆ ಓದಿದ ದಿನವೇ ತನ್ನ ಹಳೇ ಹೋಗನ್ ಕಾರ್ಡನ್ನು ಹರಿದು ಹಾಕಿದ. ಇಪ್ಪತ್ತು ವರ್ಷ ಪುಸ್ತಕದೊಳಗೆ ಇಟ್ಟುಕೊಂಡಿದ್ದ ಅನ್ನೋದು ನಮಗೆ ಅವತ್ತೇ ಗೊತ್ತಾದದ್ದು.

ಜನ ಒಪ್ಪಿದವನಿಗೆ ಧಣಿ ಪಟ್ಟಿ ಕೊಡದೆ ಇರಲಾರದ ಗಳಿಗೆಗಳೂ ಬರುತ್ತವೆ. 2019ರ ಏಪ್ರಿಲ್ಲಿನಲ್ಲಿ ಘಾನಾದಲ್ಲಿ ಹುಟ್ಟಿದ ಕೋಫಿ ಕಿಂಗ್‌ಸ್ಟನ್‌ಗೆ ಹಾಗಾಯಿತು. ಹನ್ನೊಂದು ವರ್ಷ ನಡುಸಾಲಿನಲ್ಲಿ ದುಡಿದವನಿಗಾಗಿ ಜನ ವಾರ ವಾರ ಕೂಗಿ ಕೂಗಿ ಪಟ್ಟ ಕೊಡಿಸಿದರು. ಅದೇ ಅಕ್ಟೋಬರಿನಲ್ಲಿ ಅವನ ಕೈಯಿಂದ ಅದನ್ನು ಹತ್ತು ಸೆಕೆಂಡಿನೊಳಗೆ ಬಿಚ್ಚಿಸಿದರು. ಹತ್ತು ಸೆಕೆಂಡು. ಒಂದು ಒಳ್ಳೆ ಏಟು ಹೊಡೆಯಲೂ ಬಿಡಲಿಲ್ಲ.

ರಿಟರ್‌ಗೆ ಮರಳುತ್ತೇವೆ. 1987ರ ಮಾರ್ಚ್ 29, ಪಾಂಟಿಯಾಕ್ ಎಂಬ ಊರಿನ ಕ್ರೀಡಾಂಗಣ, ರೆಸಲ್‌ಮೇನಿಯಾದ ಮೂರನೇ ಜಾತ್ರೆ. 93,173 ಜನ ಅಂತ ಕಂಪೆನಿ ಹೇಳಿದ್ದು, ಅಷ್ಟಿರಲಿಲ್ಲ ಅನ್ನುವವರೂ ಇದ್ದಾರೆ. ರಿಟರ್‌ಗೆ ಜೋಡಿ ಹಾರ್ಲಿ ರೇಸ್, ಕಿರೀಟ ಇಟ್ಟು ರಾಜನ ನಿಲುವಂಗಿ ತೊಟ್ಟ ಬಿಳಿಯ. ಸೋತವನು ರಾಜನ ಮುಂದೆ ಬಗ್ಗಿ ನಮಸ್ಕರಿಸಬೇಕು ಅನ್ನೋದು ಕರಾರು. ನಾಲ್ಕೈದು ನಿಮಿಷದಲ್ಲಿ ರಿಟರ್ ಸೋತ. ಹಾಗೇ ಬರೆದಿತ್ತು. ರೇಸ್ ಕುರ್ಚಿಯಲ್ಲಿ ಕೂತ. ರಿಟರ್ ಬಗ್ಗಿದ, ತುಸು ಅಣಕದಿಂದಲೇ ಬಗ್ಗಿದ. ಎದ್ದವನು ರೇಸ್ ಕೂತಿದ್ದ ಅದೇ ಕುರ್ಚಿ ಎತ್ತಿ ರಾಜನಿಗೆ ಬಾರಿಸಿದ. ಬಿದ್ದಿದ್ದ ರಾಜನ ನಿಲುವಂಗಿಯನ್ನು ತಾನೇ ಹೊದ್ದುಕೊಂಡು ಜನರ ನಡುವೆ ಹೊರಟ. ಇದನ್ನೂ ಯಾರೋ ಬರೆದಿದ್ದರು, ಗೊತ್ತು. ಆ ಕ್ರೀಡಾಂಗಣ ಎದ್ದ ಶಬ್ದ ಕೇಳಿ.

1988ರಲ್ಲಿ ಆ ಕಂಪೆನಿ ಬಿಟ್ಟ. ಕೊನೆಕೊನೆಯ ವರ್ಷಗಳು ಚಿಕ್ಕ ಚಿಕ್ಕ ಊರು, ಚಿಕ್ಕ ಚಿಕ್ಕ ಕಣ. 1998ರ ಜೂನ್ ಮೊದಲಲ್ಲಿ, ಅವತ್ತು ಕತೆಯಲ್ಲಿ ಮುಖ ನೋಡಲಾಗದೆ ಹೋದ ಆ ಮಗಳು ಹೈಸ್ಕೂಲು ಮುಗಿಸಿದ ಸಮಾರಂಭ ನೋಡಿ ಕಾರಿನಲ್ಲಿ ಒಬ್ಬನೇ ವಾಪಸಾಗುತ್ತ ಮಿಸಿಸಿಪ್ಪಿಯ ಹೆದ್ದಾರಿಯಲ್ಲಿ ಅಪಘಾತವಾಗಿ ಸತ್ತ. ವಯಸ್ಸು 45. ನಾವಾಗ ಕಿಟಕಿಗೆ ಜೋತುಬಿದ್ದಿದ್ದೆವು. 2004ರಲ್ಲಿ ಕಂಪೆನಿ ಅವನ ಹೆಸರನ್ನು ತನ್ನ ಕೀರ್ತಿವಂತರ ಪಟ್ಟಿಗೆ ಸೇರಿಸಿತು.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ನಾವು ಮೂವರು ಆ ಅಣ್ಣನ ಮನೆ ಜಗಲಿ ಮೇಲೆ ಕೂತು ಅವರಿಗೆ ಮೊಬೈಲಿನಲ್ಲಿ ಆ ರಾಜನ ಕುಸ್ತಿ ತೋರಿಸಿದೆವು. ಕಣ್ಣು ಸರಿಯಾಗಿ ಕಾಣೋದಿಲ್ಲ, ಫೋನನ್ನು ಮುಖದ ಹತ್ತಿರ ಹಿಡಿದುಕೊಂಡರು. ಬಗ್ಗುವ ಜಾಗ ಬಂದಾಗ ಫೋನು ನಮ್ಮ ಕೈಗೆ ವಾಪಸ್ ಕೊಡೋಕೆ ಬಂದರು. "ತಡೀರಿ ಅಣ್ಣ, ಇನ್ನೂ ಅದೆ" ಅಂದೆವು. ಕುರ್ಚಿ ಏಟು ಬಿತ್ತು. ಅಣ್ಣ ನಗಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡರು. ನೋಡಿ ಮುಗಿದ ಮೇಲೆ ಸುಮಾರು ಹೊತ್ತು ಎಲೆಗೆ ಸುಣ್ಣ ಸವರುತ್ತ ಕೂತು, ಕೇಳಿದರು:

"ಅದಾದ್ಮೇಲೆ ಅವುಂಗೆ ಜೋಡಿ ಸಿಕ್ತಾ?"

"ಸಿಕ್ತು ಅಣ್ಣ" ಅಂದೆವು. "ಇನ್ನೂ ಐದಾರು ವರ್ಷ ಸಿಕ್ತು."